ಪಯೋನಿಯರಿಂಗ್ ಲೀಕು

ಊರಿನ ನೀರು ಸರಬರಾಜು ಕಚೇರಿಯ ಸಮಸ್ತ ಸಿಬ್ಬಂದಿಯೂ ಇನ್ನು ಮುಂದೆ ‘ಪಯೋನಿಯರಿಂಗ್’ ಎಂಬ ಶಬ್ದವನ್ನು ದಿನನಿತ್ಯದ ಇಂಗ್ಲಿಷ್ ವಾಕ್ಯಗಳಲ್ಲಿ ಕಡ್ಡಾಯವಾಗಿ ಬಳಸತಕ್ಕದ್ದು ಎಂಬ ಆದೇಶ ಸೋಮವಾರ ಜಾರಿಗೆ ಬಂತು. ನೀರು ಎಂದಿನಂತೆ ತಡವಾಗಿ ಬಂತು.

ಆದೇಶದ ಹಿನ್ನೆಲೆ ಹೀಗಿದೆ. ಕಚೇರಿಯ ನಿರ್ದೇಶಕರು ಪರವೂರಿನ ಸಮ್ಮೇಳನವೊಂದಕ್ಕೆ ಹೋಗಿದ್ದರು. ಅಲ್ಲಿಗೆ ಬಂದವರೆಲ್ಲ ತಮ್ಮ ತಮ್ಮ ಕಚೇರಿಯನ್ನು ಪಯೋನಿಯರಿಂಗ್ ಎಂದು ವರ್ಣಿಸಿಕೊಂಡರು. ನಮ್ಮವರ ಸರದಿ ಬಂದಾಗ “ನಾವು ನೀರು ಬಿಡುತ್ತೇವೆ” ಅಂದುಬಿಟ್ಟರು. ಸಭೆ ಊಟಕ್ಕೆ ಎದ್ದಿತು. ವಾಪಸು ಬಂದ ಮೇಲೂ ಸಾಹೇಬರಿಗೆ ಊಟ ಸೇರಲಿಲ್ಲವೆಂದು ಅವರ ಡ್ರೈವರ್ ಹೇಳುತ್ತಾನೆ.

ಶಬ್ದದ ಅರ್ಥವೇನೆಂದು ಕೆಲವರು ಕೇಳಿದರು. “ಎಲ್ಲರಿಗಿಂತ ಮೊದಲು ಮಾಡೋದು, ಯಾರೂ ಮಾಡದ್ದನ್ನ ಮಾಡೋದು,” ಎಂದು ಹೆಡ್ ಕ್ಲರ್ಕ್ ವಿವರಿಸಿ, ಇನ್ನು ಮುಂದೆ ಅರ್ಥ ಕೇಳುವುದನ್ನು ಅಶಿಸ್ತು ಎಂದು ಪರಿಗಣಿಸಲಾಗುವುದು ಎಂದು ಸೇರಿಸಿದರು. ಸಿಬ್ಬಂದಿ ಬೇಗ ಹೊಂದಿಕೊಂಡಿತು. ಟೈಪಿಸ್ಟ್ ಕಪ್ಪು ಕೆಳಗಿಟ್ಟು, “ದಿಸ್ ಟೀ ಈಸ್ ಪಯೋನಿಯರಿಂಗ್” ಅಂದಳು. ಪಯೋನಿಯರಿಂಗ್ ಫೀವರ್ ಬಂದವರಿಗೆ ತಕ್ಷಣ ರಜೆ ಸಿಕ್ಕಿತು. ಬರೀ ಜ್ವರ ಬಂದವರು ಬಂದು ಕೆಲಸ ಮಾಡಿದರು. ನಾಲಿಗೆ ತೊಡರುವವರಿಗಾಗಿ ನಿರ್ದೇಶಕರ ಭಾವಮೈದುನ ಕಚೇರಿಯ ಸೈಕಲ್ ಸ್ಟ್ಯಾಂಡಿನಲ್ಲೇ ಟ್ಯೂಷನ್ ತೆರೆದ. ಅಲ್ಲಿ ಇಂಗ್ಲಿಷ್ ಕಲಿಸುವುದಿಲ್ಲ, ಅದೊಂದೇ ಶಬ್ದ. ಫೀಸನ್ನು ಸಂಬಳದಲ್ಲೇ ಹಿಡಿಯುತ್ತಿದ್ದರು, ಹಾಗಾಗಿ ಕಟ್ಟುವ ತೊಂದರೆ ಯಾರಿಗೂ ಇರಲಿಲ್ಲ.

ಆಮೇಲೆ ಆದೇಶವನ್ನು ಸಾರ್ವಜನಿಕರಿಗೂ ವಿಸ್ತರಿಸಲಾಯಿತು. ದೂರು ಕೊಡುವವರೂ ಆ ಶಬ್ದವಿರುವ ಇಂಗ್ಲಿಷ್ ವಾಕ್ಯದಲ್ಲೇ ಕೊಡಬೇಕು.

ದೂರಿನ ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತೆ ತನ್ನ ಪಾಡಿಗೆ ತಾನಿರುವ ಹೆಣ್ಣುಮಗಳು. ಆ ವಾರವೇ ಅವಳ ಮನೆ ಮುಂದಿನ ಪೈಪು ಒಡೆದು, ನೀರೆಲ್ಲ ರಸ್ತೆಗೆ ಹರಿದು, ಮನೆಯ ನಲ್ಲಿ ಒಣಗಿತು. ಒಂದು ಬೆಳಿಗ್ಗೆ ಅವಳ ಅತ್ತೆ ಒದ್ದೆ ಚಪ್ಪಲಿಯಲ್ಲೇ ಕೌಂಟರಿಗೆ ಬಂದರು.

“ಅತ್ತೆ, ನೀವ್ಯಾಕೆ ಬರೋಕೆ ಹೋದ್ರಿ? ನಾನೇ ಹೇಳ್ತಿದ್ದೆ.”

“ನೀನು ಹೇಳ್ತಾನೇ ಇದ್ದೀಯ, ಅದು ಹರೀತಾನೇ ಇದೆ. ಪೈಪು ಒಡೆದಿದೆ, ಬರ್ಕೋ.”

“ಹಾಗೆ ಬರ್ಕೊಳ್ಳೋಕಾಗಲ್ಲ. ಆ ಶಬ್ದ ಹಾಕಿ ಹೇಳಬೇಕು. ಪಯೋನಿಯರಿಂಗ್.”

“ಪಾಯಿಖಾನೆ ರಿಂಗಾ? ಅದು ನೆಟ್ಟಗೇ ಇದೆ ಕಣೇ. ಒಡೆದಿರೋದು ಪೈಪು!”

ಹಿಂದೆ ನಿಂತವರೆಲ್ಲ ಗೊಳ್ಳೆಂದರು. ಗುಮಾಸ್ತೆಗೆ ಅತ್ತೆಯ ಮೇಲೆ ಕನಿಕರವೂ, ಸಂಜೆ ಅದೇ ಮನೆಗೆ ಹೋಗಬೇಕಲ್ಲ ಎಂಬ ಭಯವೂ ಒಟ್ಟಿಗೇ ಬಂದವು. ವಾಕ್ಯವನ್ನು ತಾನೇ ಕಟ್ಟಿ ಬರೆದಳು: “ದೇರ್ ಈಸ್ ಎ ಪಯೋನಿಯರಿಂಗ್ ಲೀಕ್ ಇನ್ ಫ್ರಂಟ್ ಆಫ್ ಅವರ್ ಹೌಸ್.”

ಅಲ್ಲಿಯವರೆಗೆ ದೂರುದಾರರು ಕಚೇರಿಯನ್ನು, ಹೆಚ್ಚೆಂದರೆ ನಿರ್ದೇಶಕರನ್ನು ಪಯೋನಿಯರಿಂಗ್ ಎಂದಿದ್ದರೇ ಹೊರತು ಲೀಕನ್ನು ಯಾರೂ ಹಾಗೆಂದಿರಲಿಲ್ಲ. ನಿರ್ದೇಶಕರು ವಾಕ್ಯವನ್ನು ಮತ್ತೆ ಮತ್ತೆ ಓದಿಸಿಕೊಂಡು ಕಣ್ಣೊರೆಸಿಕೊಂಡರು. ಮಧ್ಯಾಹ್ನವೇ ಫಿಟ್ಟರ್ ಬಂದ. ಅತ್ತೆ ಖುಷಿಯಿಂದ ಕುರ್ಚಿ ಹಾಕಿದರು. ಅವನು ಒಡೆದ ಜಾಗದ ಸುತ್ತ ಕಬ್ಬಿಣದ ಬೇಲಿ ನೆಟ್ಟು, ‘ಇಲಾಖೆಯ ಮೊದಲ ಪಯೋನಿಯರಿಂಗ್ ಲೀಕು’ ಎಂಬ ಬೋರ್ಡು ತೂಗುಹಾಕಿ, ಚೀಲ ಹೆಗಲಿಗೇರಿಸಿದ.

“ಪೈಪು?” ಅಂದರು ಅತ್ತೆ.

“ಅದನ್ನ ಮುಟ್ಟೋ ಹಾಗಿಲ್ಲಮ್ಮ. ಮಾಮೂಲಿ ಲೀಕಾಗಿದ್ರೆ ಚಿಟಿಕೆ ಹೊಡೆಯೋದ್ರೊಳಗೆ ಮುಚ್ಚಿಬಿಡ್ತಿದ್ದೆ. ಇದನ್ನ ಕಾಪಾಡಬೇಕಂತೆ.”

“ಯಾರಿಂದ?”

“ನನ್ನಿಂದ,” ಎಂದು ಫಿಟ್ಟರ್ ಬೋರ್ಡಿಗೆ ಕೈಮುಗಿದು ಹೊರಟ.

ಮರುದಿನ ಗುಮಾಸ್ತೆ ಧೈರ್ಯ ಮಾಡಿ ನಿರ್ದೇಶಕರ ಕೋಣೆಗೆ ಹೋದಳು.

“ಸರ್, ಅದು ಮಾಮೂಲಿ ಲೀಕು ಅಂತ ತಿದ್ದಿ ಬರ್ಕೊಡ್ತೀನಿ. ಮನೇಲಿ ಕುಡಿಯೋಕೂ ನೀರಿಲ್ಲ.”

“ಒಂದ್ಸಲ ಪಯೋನಿಯರಿಂಗ್ ಆಗಿದ್ದನ್ನ ಮಾಮೂಲಿ ಮಾಡೋ ಅಧಿಕಾರ ನನಗೂ ಇಲ್ಲಮ್ಮ. ನಿಮ್ಮತ್ತೆ ಪುಣ್ಯವಂತರು.”

“ಅವರು ಸ್ನಾನ ಮಾಡಿ ಎಷ್ಟೋ ದಿನ ಆಯ್ತು ಸರ್.”

“ಅದೂ ಒಂಥರಾ ಪಯೋನಿಯರಿಂಗೇ,” ಎಂದು ನಿರ್ದೇಶಕರು ಸಮಾಧಾನ ಹೇಳಿದರು.

ಆ ಸಂಜೆ ಅತ್ತೆ ಸೊಸೆಯನ್ನು ಬೈಯಲಿಲ್ಲ. ಒಣ ನಲ್ಲಿಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಆಗ ಗುಮಾಸ್ತೆಗೆ ಒಂದು ಉಪಾಯ ಹೊಳೆಯಿತು. ಅಂಥ ಲೀಕುಗಳು ಊರ ತುಂಬ ಆದರೆ ಇದರಲ್ಲಿ ಪಯೋನಿಯರಿಂಗ್ ಏನು ಉಳಿಯುತ್ತದೆ? ನೀವೂ ಹಾಗೆಯೇ ಬರೆದುಕೊಡಿ ಎಂದು ಅಕ್ಕಪಕ್ಕದವರಿಗೆ ಹೇಳಿದಳು. ಅವರಿಗೆ ಹೇಳಬೇಕಾಗಿಯೇ ಇರಲಿಲ್ಲ. ಬೇಲಿ, ಬೋರ್ಡು, ನೋಡಲು ಬರುವ ಜನ ಎಲ್ಲವನ್ನೂ ಕಂಡು ಅವರ ಹೊಟ್ಟೆ ಆಗಲೇ ಉರಿಯುತ್ತಿತ್ತು. ಲೀಕು ಇಲ್ಲದವರು ಹಾರೆ ತಂದು ಮಾಡಿಕೊಂಡರು. ಪರಿಶೀಲನೆಗೆ ಭಾವಮೈದುನನ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿ, ಪ್ರತಿಯೊಂದು ಲೀಕೂ ಆಯಾ ಮನೆಯ ಮುಂದೆ ಮೊದಲನೆಯದೇ ಆದ್ದರಿಂದ ಎಲ್ಲವೂ ಪಯೋನಿಯರಿಂಗ್ ಎಂದು ತೀರ್ಮಾನವಾಯಿತು. ಬೇಲಿಗಳ ಗುತ್ತಿಗೆಯನ್ನೂ ಅಧ್ಯಕ್ಷರೇ ವಹಿಸಿಕೊಂಡರು, ಬೇರೆ ಯಾರೂ ಮುಂದೆ ಬರದಂತೆ ನೋಡಿಕೊಂಡು.

ಕೆಲವೇ ದಿನಗಳಲ್ಲಿ ಊರಿನ ದೊಡ್ಡ ಟ್ಯಾಂಕು ಬರಿದಾಯಿತು. ನಲ್ಲಿಗಳ ಜೊತೆ ಲೀಕುಗಳೂ ಒಣಗಿದವು. ಬೇಲಿಗಳು ಗಟ್ಟಿಯಾಗಿದ್ದವು. ಸೋರಿಕೆಯನ್ನು ಸಂಪೂರ್ಣವಾಗಿ ನಿಲ್ಲಿಸಿದ ಮೊದಲ ಕಚೇರಿ ತಮ್ಮದೆಂದು ನಿರ್ದೇಶಕರು ಪ್ರಕಟಣೆ ಹೊರಡಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಭಾವಮೈದುನ ಟ್ಯೂಷನ್ ಮುಚ್ಚಿ ಟ್ಯಾಂಕರ್ ಇಟ್ಟ. ಅವನಿಗೆ ಮಾತ್ರ ನೀರು ಎಲ್ಲಿಂದ ಸಿಗುತ್ತದೆಂದು ಕೇಳುವುದಕ್ಕೂ ಇಂಗ್ಲಿಷ್ ವಾಕ್ಯ ಬೇಕಾಗಿದ್ದರಿಂದ ಯಾರೂ ಕೇಳಲಿಲ್ಲ.

ಟ್ಯಾಂಕರ್ ಬಂದಾಗಲೆಲ್ಲ ರಸ್ತೆಯುದ್ದಕ್ಕೂ ಸಾಲು. ಒಂದು ಭಾನುವಾರ ಅತ್ತೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಕೊಡವನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳಿ, ಅದರ ಹಿಂದೆಯೇ ತಾವೂ ಜರುಗಿದರು. ಹಿಂದಿದ್ದ ಕ್ಷೌರದಂಗಡಿಯವನು ವಿನಯವಾಗಿಯೇ ಹೇಳಿದ:

“ನೋ ಪಯೋನಿಯರಿಂಗ್, ಆಂಟಿ. ಪ್ಲೀಸ್ ಸ್ಟ್ಯಾಂಡ್ ಇನ್ ಲೈನ್.”

ಅತ್ತೆ “ಸಾರಿ, ಸಾರಿ” ಎನ್ನುತ್ತ ಕೊಡ ಎತ್ತಿಕೊಂಡು ಸೊಸೆಯ ಪಕ್ಕಕ್ಕೆ ಮರಳಿದರು. ಅವನೇನು ಹೇಳಿದ ಎಂದು ಸಾಲಿನಲ್ಲಿ ಯಾರೂ ಕೇಳಲಿಲ್ಲ.

“ಅವನು ಹೇಳಿದ್ದು ಸರಿ ಅತ್ತೆ,” ಎಂದಳು ಗುಮಾಸ್ತೆ. “ಎಲ್ಲರೂ ಪಯೋನಿಯರಿಂಗ್ ಮಾಡ್ತಾ ಹೋದ್ರೆ ಹಿಂದಿರೋರಿಗೆ ನೀರೆಲ್ಲಿ ಸಿಗುತ್ತೆ?”

“ಹೌದು ಕಣೇ,” ಎಂದು ಅತ್ತೆ ಕೊಡ ಕೆಳಗಿಟ್ಟರು.