ಬಿಟ್ಟುಹೋದ ನನ್ನದೊಂದು ‘ಇಲ್ಲ’

ಸದಾಶಿವ ಹೊಲಿಗೆ ಮಿಷನ್ ತಿಂದದ್ದು ನಿಜ. ಅವನನ್ನು ಉಳಿಸಿದ್ದು ನಾನು, ಅದೂ ನಿಜ. ಊರಿನವರು ಕೆಲವರು ದೇವರು ಉಳಿಸಿದ ಅನ್ನುತ್ತಾರೆ, ಕೆಲವರು ವಕೀಲರು ಉಳಿಸಿದರು ಅನ್ನುತ್ತಾರೆ. ಇಬ್ಬರೂ ಅಲ್ಲ. ನನ್ನ ಬಾಯಿಯಿಂದ ಬಿದ್ದ ಒಂದು ‘ಉಂಟು’ ಅವನನ್ನು ಮತ್ತೆ ಪಂಚಾಯತ್ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿತು. ಅದೇ ‘ಉಂಟು’ ನನ್ನ ಜಗಲಿಯನ್ನು ಖಾಲಿ ಮಾಡಿತು.

ನಮ್ಮ ಮನೆ ಇರುವುದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬದಿಯಲ್ಲಿ. ಮಗ ಬಸ್ಸಿನ ಡ್ರೈವರ್, ಸೊಸೆ ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಹೋಗುತ್ತಾಳೆ. ಬೆಳಗಾಗುವ ಮೊದಲೇ ಇಬ್ಬರೂ ಹೊರಟರೆ, ಮತ್ತೆ ನಾನು ಮತ್ತು ನಾನು ಕಟ್ಟುವ ಬೀಡಿ. ಮೊದಲು ಹಾಗಿರಲಿಲ್ಲ. ಆಚೀಚೆ ಮನೆಯ ಗಿರಿಜ, ಜೈನಾಬಿ ಇಬ್ಬರೂ ಎಲೆ, ಹೊಗೆಸೊಪ್ಪು ಹಾಕಿದ ತಮ್ಮ ತಮ್ಮ ಗೆರಸೆ ಹಿಡಿದು ಬಂದು ನನ್ನ ಜಗಲಿಯಲ್ಲಿ ಕೂರುತ್ತಿದ್ದರು. ಕೈ ಎಲೆ ಸುರುಟುತ್ತಿತ್ತು, ಬಾಯಿ ಊರನ್ನು ಸುರುಟುತ್ತಿತ್ತು. ಯಾರ ಸೊಸೆ ಯಾರಿಗೆ ಏನು ಹೇಳಿದಳು ಎಂಬುದು ಆ ಸೊಸೆಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ಸದಾಶಿವ ನೆರೆಮನೆಯವನು. ಚಿಕ್ಕವನಿದ್ದಾಗ ನನ್ನ ಮನೆಯ ಗಂಜಿ ಉಂಡವನು, ನನ್ನನ್ನು ದೊಡ್ಡಮ್ಮ ಎಂದೇ ಕರೆಯುವವನು. ಮೀಸೆ ಬಂದ ಮೇಲೆ ರಿಕ್ಷಾಕ್ಕೆ ಮೈಕು ಕಟ್ಟಿ ನಾಟಕ, ಕಣ್ಣಿನ ಶಿಬಿರ ಎಂದು ಕೂಗುತ್ತಾ ತಿರುಗುವ ಕೆಲಸ ಹಿಡಿದ. ಸ್ವರ ಚೆನ್ನಾಗಿತ್ತು. ಒಮ್ಮೆ ಯಾರದೋ ದನ ತಪ್ಪಿಸಿಕೊಂಡಾಗ ಅದನ್ನೂ ‘ಮಾನ್ಯರು’ ಎಂದು ಕೂಗಿದ. ಇಷ್ಟು ಮರ್ಯಾದೆ ಗೊತ್ತಿರುವವನನ್ನು ಜನ ರಿಕ್ಷಾದಲ್ಲಿ ಬಿಡುತ್ತಾರೆಯೇ? ಪಂಚಾಯತಿಗೆ ಕಳಿಸಿದರು. ಮೊದಲು ಮೆಂಬರು, ಮತ್ತೆ ಅಧ್ಯಕ್ಷ.

ಅಧ್ಯಕ್ಷನಾದ ವರ್ಷ ಹೆಂಗಸರಿಗೆ ಉಚಿತ ಹೊಲಿಗೆ ಮಿಷನ್ ಎಂದ. ಹೆಸರು ಬರೆಸಿದೆವು, ಹೆಬ್ಬೆಟ್ಟು ಒತ್ತಿದೆವು. ಗಿರಿಜಳಿಗೆ ಹೊಗೆಸೊಪ್ಪಿನ ಧೂಳಿನಿಂದ ಕೆಮ್ಮು. ಮಿಷನ್ ಬಂದರೆ ಬೀಡಿ ಬಿಡುತ್ತೇನೆ ಎಂದು ಕಿಟಕಿಯ ಹತ್ತಿರದ ಅಕ್ಕಿ ಮುಡಿಯನ್ನು ಆಚೆ ಸರಿಸಿ ಜಾಗ ಮಾಡಿದಳು. ಜಾಗ ಹಾಗೆಯೇ ಇತ್ತು, ಮಿಷನ್ ಮಾತ್ರ ಬರಲಿಲ್ಲ. ಆದರೆ ಕಾಗದದಲ್ಲಿ ಎಲ್ಲರ ಮನೆಗೂ ಬಂದಿತ್ತು. ಪೇಪರಿನವರು ಬರೆದರು, ಸದಾಶಿವ ರಾಜೀನಾಮೆ ಕೊಟ್ಟು ಎದೆನೋವೆಂದು ಆಸ್ಪತ್ರೆಯಲ್ಲಿ ಮಲಗಿದ. ನೋಡಲು ಹೋಗಿದ್ದೆ. ಯಾವ ಕಡೆ ನೋವು ಎಂದು ಕೇಳಿದರೆ, ವಕೀಲರಲ್ಲಿ ಕೇಳಿ ಹೇಳುತ್ತೇನೆ ಎನ್ನುವ ಹಾಗಿತ್ತು ಮುಖ.

ವಿಚಾರಣೆಗೆ ಬಂದ ಸಾಹೇಬರು ಘಟ್ಟದ ಮೇಲಿನವರು. ನನ್ನ ಜಗಲಿಯಲ್ಲೇ ಕುರ್ಚಿ ಹಾಕಿ ಕೂತರು.

“ಏನಜ್ಜಿ, ಮಿಷನ್ ಬಂದಿದೆಯಾ?”

“ಪಟ್ಟಿಯಲ್ಲಿ ಉಂಟು ಸ್ವಾಮಿ,” ಎಂದೆ. ಅಷ್ಟರಲ್ಲಿ ಕೈಯಲ್ಲಿದ್ದ ಬೀಡಿಯ ನೂಲು ಬಿಚ್ಚಿತು. ಅದನ್ನು ಸುತ್ತಿ ಮುಗಿಸಿ, “ಮನೆಯಲ್ಲಿ ಇಲ್ಲ,” ಎನ್ನುವಾಗ ಅವರು ಬರೆದು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು.

“ಹೆಬ್ಬೆಟ್ಟು ಒತ್ತಿ.”

ನನಗೆ ಸಿಟ್ಟು ಬಂತು. ನಾಲ್ಕನೇ ಕ್ಲಾಸು ಕಲಿತವಳು ನಾನು. ಹಿಂದೆ ಯಾರೋ ಅವಸರದಲ್ಲಿ ಹೆಬ್ಬೆಟ್ಟು ಒತ್ತಿಸಿದ್ದು ಬೇರೆ ಮಾತು. ಈ ಸಲ ಪೆನ್ನು ಕಿತ್ತುಕೊಂಡು, ಎಲ್ಲರೂ ನೋಡುವ ಹಾಗೆ ‘ಕಮಲ’ ಎಂದು ದುಂಡಗೆ ಬರೆದೆ. ಮೇಲೆ ಏನು ಬರೆದಿದ್ದಾರೆ ಎಂದು ಓದಲಿಲ್ಲ. ಓದುಬರಹ ಬರುತ್ತದೆ ಎಂಬ ಜಂಬ ತೋರಿಸುವ ಗಡಿಬಿಡಿಯಲ್ಲಿ ಓದುವುದೇ ಬಿಟ್ಟುಹೋಯಿತು.

ಬರೆದದ್ದು ಇಷ್ಟು: ಮಿಷನ್ ಉಂಟು ಎಂದು ಅಜ್ಜಿ ಒಪ್ಪಿದ್ದಾರೆ. ಸಹಿ ಹಾಕಬಲ್ಲ ಹೆಂಗಸೇ ಮಿಷನ್ ಬಂದಿದೆ ಎಂದ ಮೇಲೆ, ಇಲ್ಲ ಎಂದ ಹೆಬ್ಬೆಟ್ಟಿನವರು ಮರೆತಿರಬೇಕು ಎಂದು ಫೈಲು ಮುಚ್ಚಿತು. ಸದಾಶಿವನ ಎದೆನೋವು ವಾಸಿಯಾಯಿತು. ಈ ಸಲದ ಓಟಿಗೆ ನಿಂತು ಗೆದ್ದ.

ಗಿರಿಜ ಜಗಳ ಮಾಡಲಿಲ್ಲ. ಮಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಮುಗಿಯುತ್ತಿತ್ತು. “ನೀವು ಗಂಜಿ ಕೊಟ್ಟು ಸಾಕಿದವನಲ್ಲವಾ, ಬಿಟ್ಟುಕೊಡಲಿಕ್ಕೆ ಆಗ್ತದಾ?” ಎಂದು ಒಂದೇ ಮಾತು ಹೇಳಿ ಗೆರಸೆ ಎತ್ತಿಕೊಂಡು ಹೋದಳು. ಹಿಂದೆಯೇ ಜೈನಾಬಿ. ಎಂಟು ತಿಂಗಳಿಂದ ಒಬ್ಬಳೇ ಬೀಡಿ ಕಟ್ಟುತ್ತೇನೆ. ಲೆಕ್ಕಕ್ಕಿಂತ ಹೆಚ್ಚೇ ಆಗುತ್ತದೆ, ಮಾತಾಡಲು ಯಾರೂ ಇಲ್ಲವಲ್ಲ. ಬೆಕ್ಕಿಗೆ ಊರ ಸುದ್ದಿ ಹೇಳಿ ನೋಡಿದೆ, ಎದ್ದು ಹೋಯಿತು.

ಮೊನ್ನೆ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಸದಾಶಿವನ ಅಭಿನಂದನೆ. ನನ್ನನ್ನು ವೇದಿಕೆಗೆ ಹತ್ತಿಸಿದ. “ಸತ್ಯ ಹೇಳಿದ ತಾಯಿ!” ಎಂದು ಮೈಕಿನಲ್ಲಿ ಕೂಗಿ ಶಾಲು ಹೊದೆಸಿ ಕಾಲು ಹಿಡಿದ. ಮೈಕು ನನ್ನ ಬಾಯಿಯ ಎದುರೇ ಇತ್ತು. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು ಹಲ್ಲು ಕಿರಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ದಿನಗಳ ಮೇಲೆ ಯಾರೋ ಹೆಗಲು ಮುಟ್ಟಿದ್ದು ನನಗೆ ಹಿತವಾಯಿತು. ಅದೂ ಕಳ್ಳನ ಕೈ.

ಇಳಿದು ಬರುವಾಗ ಗೇಟಿನ ಹತ್ತಿರ ಗಿರಿಜ ನಿಂತಿದ್ದಳು.

“ಶಾಲು ಚಂದ ಉಂಟು ಕಮಲಕ್ಕ. ಇದು ಮೈಮೇಲೆಯೂ ಉಂಟಾ, ಪಟ್ಟಿಯಲ್ಲಿ ಮಾತ್ರವಾ?”

“ನಾನು ಇಲ್ಲ ಅಂತಲೂ ಹೇಳಿದ್ದೆ ಮಾರಾಯ್ತಿ. ಅವರು ಬರ್ಕೊಳ್ಳಲಿಲ್ಲ.”

“ಅವರು ಬರ್ಕೊಳ್ಳದಿದ್ರೆ ನೀವು ಬರೀಬೇಕಿತ್ತು. ಕಲಿತವರಲ್ಲವಾ!” ಎಂದು ಕೆಮ್ಮುತ್ತಾ ಹೋದಳು.

ಮರುದಿನ ಬೆಳಿಗ್ಗೆ ಮಗ, ಸೊಸೆ ಹೊರಟ ಕೂಡಲೇ ಕಾಗದ ತೆಗೆದು ತಾಲೂಕಿನ ದೊಡ್ಡ ಸಾಹೇಬರಿಗೆ ಅರ್ಜಿ ಬರೆದೆ: ‘ನನ್ನ ಮನೆಗೆ ಮಿಷನ್ ಬಂದಿಲ. ಯಾರ ಮನೆಗೂ ಬಂದಿಲ.’ ಬೀಡಿಯ ಗೆರಸೆಯನ್ನೂ ಹಿಡಿದುಕೊಂಡು ಗಿರಿಜಳ ಮನೆಗೆ ಹೋಗಿ, ಕರೆಯುವ ಮೊದಲೇ ಜಗಲಿಯಲ್ಲಿ ಕೂತು, “ಇದರಲ್ಲಿ ತಪ್ಪು ಉಂಟಾ ನೋಡು ಮಾರಾಯ್ತಿ,” ಎಂದೆ. ಅವಳು ಬಾಗಿಲಲ್ಲೇ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದಳು. “ಇದೆಂಥದ್ದು ಕಮಲಕ್ಕ, ‘ಇಲ್ಲ’ಕ್ಕೆ ಒತ್ತು ಎಲ್ಲಿ?” ಎಂದು ಗದರಿಸಿ, ಪೆನ್ನು ಹುಡುಕಲು ಒಳಗೆ ಹೋದಳು.

ಒತ್ತು ಎಲ್ಲಿ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಬೇಕೆಂದೇ ಬಿಟ್ಟಿದ್ದೆ.