ಗೋಳಿಯ ಮುಂದೆ ಎಲ್ಲಾ ಅನ್ನಬಾರದು

ದೀಪ್ತಿ ಸೂಟ್‌ಕೇಸಿನ ಮೇಲೆ ಕುಳಿತು, ಇಡೀ ಮೈಯ ಭಾರ ಹಾಕಿ ಝಿಪ್ ಎಳೆದು, ಸೆರಗಿನಿಂದ ಮುಖ ಒರೆಸಿಕೊಂಡು, "ಅಬ್ಬ, ಎಲ್ಲಾ ತುಂಬಿಸಿ ಆಯ್ತು" ಎಂದಳು. ಅಷ್ಟೇ ಅಂದದ್ದು. ಮೂಲೆಯ ಚಾಪೆಯಲ್ಲಿ ಪರಮ ಸಾಧುವಿನಂತೆ ಮಲಗಿದ್ದ ಗೋಳಿ ಎಂಬ ನಾಯಿಮರಿ ಒಂದೇ ನೆಗೆತಕ್ಕೆ ಸೋಫಾದ ಕೆಳಗೆ ನುಗ್ಗಿ, ಅಲ್ಲಿದ್ದ ಕಂದು ಕಾಲುಚೀಲವನ್ನು ಕಚ್ಚಿ ಹಿಡಿದು, ಎಡಕ್ಕೂ ಬಲಕ್ಕೂ ಝಾಡಿಸಿ, ಅದರ ಹೊಟ್ಟೆಯೊಳಗಿದ್ದ ಹತ್ತಿಯನ್ನು ಹಾಲ್ ತುಂಬ ಹರಡಿಬಿಟ್ಟಿತು.

ಅವಳ ಗಂಡ ಪುರಂದರನ ಕೈಯಲ್ಲಿದ್ದ ಚಹಾ ಲೋಟ ಬಾಯಿಯವರೆಗೆ ಹೋಗದೆ ಅಲ್ಲೇ ನಿಂತಿತು. ಯಾಕೆಂದರೆ ಅದು ಬರೀ ಕಾಲುಚೀಲವಾಗಿರಲಿಲ್ಲ. ಒಂದು ವಾರದಿಂದ ಆ ಮನೆಯಲ್ಲಿ ಅದು ಫೆರೆಟ್ ಆಗಿತ್ತು.

ಫೆರೆಟ್ ಅಂದರೆ ನಮ್ಮೂರ ಕೀರಿಯ ದೂರದ ನೆಂಟನಂತೆ ಕಾಣುವ, ಯಾರೋ ಎರಡೂ ಕಡೆಯಿಂದ ಎಳೆದು ಉದ್ದ ಮಾಡಿದಂತಿರುವ ಸಾಕುಪ್ರಾಣಿ. ಅಂಥವು ಎರಡು, ರೀಟಾ ಮತ್ತು ರೋಜಿ ಎಂಬ ಹೆಸರಿನವು, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ಇಗ್ನೇಶಿಯಸ್ ಪಾಯ್ಸರ ಮನೆಯಲ್ಲಿದ್ದವು. ಪಾಯ್ಸರು ಹಿರಿಯರು. ಪುರಂದರ ದುಬೈಗೆ ಬಂದ ಹೊಸದರಲ್ಲಿ ಕೈಹಿಡಿದು ಕೆಲಸ ಕೊಡಿಸಿದವರು. ಅವರೆದುರು ಪುರಂದರ ಇಂದಿಗೂ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

ಈಗ ಅವನ ತಂಗಿ ತೃಷಾಳ ಮದುವೆ ಉಡುಪಿಯಲ್ಲಿ ಗೊತ್ತಾಗಿತ್ತು. ನಾಳೆ ವಿಮಾನ. ಹೆಂಡತಿ, ಮಗಳು, ತಾನು ಮೂವರಿಗೂ ಟಿಕೆಟ್ ಆಗಿತ್ತು. ಉಳಿದದ್ದು ಗೋಳಿ ಮಾತ್ರ. ಎಣ್ಣೆಯಲ್ಲಿ ಕರಿದ ಗೋಳಿಬಜೆಯಷ್ಟೇ ದುಂಡಗೆ, ಅದೇ ಬಣ್ಣಕ್ಕೆ ಇದ್ದ ಆ ಮರಿಯನ್ನು ಒಂದು ತಿಂಗಳು ಯಾರಿಗೆ ಒಪ್ಪಿಸುವುದು? ಜುಲೈಯಲ್ಲಿ ದುಬೈಯ ಈ ಮಿರ್ದಿಫ್ ಬಡಾವಣೆಯ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಉಳಿದರ್ಧ ಹೊರಡುತ್ತಿರುತ್ತಾರೆ. ಮೇಲಿನ ಮನೆಯ ಅಲಿಯಬ್ಬನ ಸಂಸಾರವೂ ಗಂಟುಮೂಟೆ ಕಟ್ಟುತ್ತಿತ್ತು. ಯಾರೂ ಸಿಗದಿದ್ದರೆ ಮೂವರಲ್ಲಿ ಒಬ್ಬರು ಉಳಿಯಬೇಕು ಎಂದು ದೀಪ್ತಿ ತೀರ್ಮಾನಿಸಿದ್ದಳು. ಆ ಒಬ್ಬರು ಯಾರೆಂದು ಪುರಂದರ ಕೇಳುವ ಅಗತ್ಯವೇ ಬೀಳಲಿಲ್ಲ, ಅವಳ ನೋಟದಲ್ಲೇ ಗೊತ್ತಾಯಿತು.

ಹೀಗಾಗಿ ವಾರದ ಹಿಂದೆ ಅವನು ಧೈರ್ಯ ಮಾಡಿ ಪಾಯ್ಸರಿಗೆ ಫೋನ್ ಮಾಡಿದ. ಆದರೆ 'ನಮ್ಮ ನಾಯಿಯನ್ನು ನೀವು ನೋಡಿಕೊಳ್ಳಿ' ಎಂದು ಹಿರಿಯರಿಗೆ ನೇರವಾಗಿ ಹೇಳುವುದುಂಟೆ? ದಾಕ್ಷಿಣ್ಯದ ಮನುಷ್ಯ, ಸುತ್ತಿ ಬಳಸಿ ಹೇಳಿದ.

"ಸರ್, ರಜೆ ಬಂದ್ರೆ ಪ್ರಾಣಿಗಳದ್ದೇ ಒಂದು ತಲೆಬಿಸಿ. ನಮ್ಮ ಗೋಳಿ, ನಿಮ್ಮ ರೀಟಾ, ರೋಜಿ... ಒಟ್ಟಿಗಿದ್ರೆ ಚಂದ ಇತ್ತು ಅಂತ ಒಂದು ಯೋಚನೆ..."

"ಒಳ್ಳೆ ಯೋಚನೆ ಮಾರಾಯ!" ಪಾಯ್ಸರು ಅತ್ತ ಕಡೆಯಿಂದ ಕುಣಿದೇಬಿಟ್ಟರು. "ನನ್ನ ದೊಡ್ಡ ತಲೆಬಿಸಿ ಹೋಯ್ತು. ಮೂರನ್ನೂ ಒಟ್ಟಿಗೇ ಇಟ್ಟುಕೊಳ್ಳುವ. ಆದ್ರೆ ನಿನ್ನ ನಾಯಿ ನನ್ನ ಮಕ್ಕಳಿಗೆ ಬಾಯಿ ಹಾಕಬಾರ್ದು. ಟ್ರೈನಿಂಗ್ ಕೊಡು. ಶನಿವಾರ ಸಂಜೆ ನಾನೇ ಅವರನ್ನು ತಂದು ನೋಡ್ತೇನೆ. ಪಾಸಾದ್ರೆ ಆಯ್ತು."

ಪಾಯ್ಸರು ಫೆರೆಟ್‌ಗಳು ಮಲಗುವ ಬಟ್ಟೆಯೊಂದನ್ನು, ನಾಯಿಗೆ ವಾಸನೆ ಪರಿಚಯವಾಗಲಿ ಎಂದು, ಯಾರದೋ ಕಾರಿನಲ್ಲಿ ಕಳಿಸಿದರು. ಅದನ್ನು ಗೋಳಿಯ ಚಾಪೆಯ ಪಕ್ಕ ಹಾಸಿದ ದಿನ ಮೇಲಿನ ಮನೆಯಲ್ಲಿ ಅಲಿಯಬ್ಬನ ಹೆಂಡತಿ ಝುಲೈಖ ತನ್ನ ಒಣಮೀನಿನ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ಮೂಸಿ ನೋಡಿದಳಂತೆ.

ಪಾಠ ಹೇಳಿಕೊಟ್ಟವನು ಅಲಿಯಬ್ಬ. ಊರಲ್ಲಿ ತನ್ನ ಮಾವನಿಗೆ ನಾಯಿ ಇದ್ದದ್ದೇ ಅವನ ಅರ್ಹತೆ. ಕಂದು ಕಾಲುಚೀಲಕ್ಕೆ ಹತ್ತಿ ತುಂಬಿಸಿ, ದಾರ ಕಟ್ಟಿ, ನಾಯಿಯ ಮುಂದೆ ಎಳೆಯುವುದು. ಅದು ಎದ್ದರೆ ಅರಬ್ಬಿಯಲ್ಲಿ 'ಖಲಾಸ್', ಅಂದರೆ ಮುಗಿಯಿತು, ಎನ್ನುವುದು. ಕೂತರೆ ಬೇಯಿಸಿದ ಕೋಳಿಯ ಚೂರು. ಪಾಠ ಮುಗಿದ ಮೇಲೆ 'ಯಲ್ಲಾ', ಅಂದರೆ ಹೂಂ ನಡಿ, ಎನ್ನುವುದು. ಆಗ ಮರಿ ಬೇಕಾದ ಹಾಗೆ ಆಡಿಕೊಳ್ಳಬಹುದು. ಗೋಳಿ ಎರಡೂ ಮಾತನ್ನು ಚೆನ್ನಾಗಿ ಕಲಿಯಿತು. ಆಡಿಕೊಳ್ಳಲು ಅದಕ್ಕೆ ಎದುರಿಗಿದ್ದ ಕಾಲುಚೀಲವೇ ಸಾಕಾಗುತ್ತಿತ್ತು.

"ಡ್ಯಾಡಿ," ಎಂದಳು ಮಗಳು ದೀಕ್ಷಿತಾ, ಹತ್ತಿ ಹೆಕ್ಕುತ್ತಾ. "ಹೀ ಥಾಟ್ ಮಮ್ಮಿ ಸೆಡ್ ಯಲ್ಲಾ."

ಪುರಂದರ ಲೋಟ ಕೆಳಗಿಟ್ಟ. ಹೌದಲ್ಲ! ನಮ್ಮವರ ಬಾಯಲ್ಲಿ 'ಎಲ್ಲಾ' ಎಂದೂ 'ಎಲ್ಲಾ' ಆಗಿ ಬಂದದ್ದಿಲ್ಲ, 'ಯೆಲ್ಲಾ' ಆಗಿಯೇ ಬರುವುದು. ಅರಬ್ಬಿ ಯಲ್ಲಾಕ್ಕೂ ಕನ್ನಡದ ಎಲ್ಲಾಕ್ಕೂ ವ್ಯತ್ಯಾಸ ಮಾಡುವಷ್ಟು ಓದಿದ ನಾಯಿ ಅದಲ್ಲ. ಅದು ಕಲಿತದ್ದು ಇಷ್ಟೇ: ಆ ಮಾತು ಕಿವಿಗೆ ಬಿದ್ದರೆ ಉದ್ದಗೆ, ಮೆತ್ತಗೆ, ಕಂದುಬಣ್ಣಕ್ಕೆ ಇರುವುದನ್ನು ಹಿಡಿದು ಹರಿಯಬೇಕು. ಉದ್ದಗೆ, ಮೆತ್ತಗೆ, ಕಂದುಬಣ್ಣಕ್ಕೆ ಇರುವ ಎರಡು ಜೀವಗಳು ಈ ಶನಿವಾರದ ಪರೀಕ್ಷೆಗೆಂದು ಈಗಾಗಲೇ ಅಬುಧಾಬಿಯಿಂದ ಹೊರಟಿದ್ದವು.

"ಇನ್ನು ಈ ಮನೆಯಲ್ಲಿ ಯಾರೂ ಆ ಶಬ್ದ ಹೇಳ್ಬಾರ್ದು" ಎಂದ ಪುರಂದರ.

"ಮತ್ತೆ ಎಂತ ಹೇಳುದು?" ದೀಪ್ತಿ ಕೇಳಿದಳು.

"ಪೂರಾ ಅಂತ ಹೇಳು. ಊರಲ್ಲಿ ನಾವು ಪೂರಾ ಅಂತ ಹೇಳುದಲ್ವಾ?"

"ಗೋಳಿ ಪಾಯ್ಸರ ಮನೆಗೆ ಹೋದ ಮೇಲೆ ಅವರು ಹೇಳಿದ್ರೆ?"

ಅದನ್ನು ಪುರಂದರ ಯೋಚಿಸಿರಲಿಲ್ಲ. ಆಮೇಲೆ ಒಂದು ಸಮಾಧಾನ ಹೊಳೆಯಿತು. "ಅವರು ಮನೆಯಲ್ಲಿ ಕೊಂಕಣಿ ಮಾತಾಡುದು. ಕೊಂಕಣಿಯಲ್ಲಿ ಅದಕ್ಕೆ ಸಗ್ಳೆಂ ಅಂತಾರೆ" ಎಂದ. ಆತ್ಮಸಾಕ್ಷಿಯ ಬಾಯಿ ಮುಚ್ಚಲು ಅಷ್ಟು ಸಾಕಾಯಿತು. ತಂಗಿಯ ಮದುವೆ ಎದುರಿಗಿರುವಾಗ ಆತ್ಮಸಾಕ್ಷಿಗೂ ಸ್ವಲ್ಪ ಹೊಂದಾಣಿಕೆ ಬರುತ್ತದೆ.

ಮಾತಿಗೊಮ್ಮೆ ಯಲ್ಲಾ ಎನ್ನುವ ಅಲಿಯಬ್ಬ ಪರೀಕ್ಷೆ ನೋಡಲು ಬಂದೇ ಬರುತ್ತಾನೆ ಎಂದು ಗೊತ್ತಿದ್ದ ಪುರಂದರ ಮೆಟ್ಟಿಲಲ್ಲೇ ಅವನನ್ನು ತಡೆದ.

"ಅಲಿಯಬ್ಬಣ್ಣ, ಕೈ ಮುಗೀತೇನೆ. ಇವತ್ತು ನೀವು ಕೆಳಗೆ ಬರ್ಬೇಡಿ."

"ಎಂತ ಮಾತು ಮಾರಾಯ? ನಾನೇ ಕಲಿಸಿದ ನಾಯಿ. ನಾನಿಲ್ಲದಿದ್ರೆ ಅದಕ್ಕೆ ಬೇಜಾರಾಗ್ತದೆ."

"ಹಾಗಾದ್ರೆ ಬಾಯಿ ಬಿಡ್ಬಾರ್ದು."

"ನಾನು ಮಾತಾಡುದೇ ಕಡಿಮೆ" ಎಂದ ಅಲಿಯಬ್ಬ. ಅದು ಹೇಗೆ ಎಂದು ಬಹಳ ಹೊತ್ತು ವಿವರಿಸಿದ ಮೇಲೆ, ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೆಳಗಿಳಿದು ಬಂದು ಸೋಫಾದ ಮೂಲೆ ಹಿಡಿದ.

ಪಾಯ್ಸರು ಬಂದರು. ಹೊರಗೆ ಕಾದ ಬಾಣಲೆಯಂಥ ಬಿಸಿಲಿದ್ದರೂ ಕೋಟು ಹಾಕಿದ್ದರು. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲೇ ಒಳಗೆ ಬಂದು, "ಇಲ್ಲಿಂದ ಏರ್‌ಪೋರ್ಟು ಹತ್ತಿರವೇ ಅಲ್ವಾ?" ಎಂದು ಕೇಳಿದರು. ಪುರಂದರನ ಕಣ್ಣು ಅವರ ಕೈಯಲ್ಲಿದ್ದ ಜಾಲರಿ ಪೆಟ್ಟಿಗೆಯ ಮೇಲಿತ್ತು. ಅದರ ಕಿಂಡಿಯಿಂದ ಎರಡು ಗುಲಾಬಿ ಮೂಗುಗಳು ಮಿರ್ದಿಫ್‌ನ ಗಾಳಿಯನ್ನು ಪರೀಕ್ಷಿಸುತ್ತಿದ್ದವು.

"ಸರಿ. ಮತ್ತೆ, ಎಲ್ಲ್—" ಎಂದು ಪಾಯ್ಸರು ಶುರುಮಾಡಿದರು.

ಪುರಂದರ ಕೆಮ್ಮಿದ. ಜೋರಾಗಿ, ಕ್ಷಯರೋಗಿಯಂತೆ ಕೆಮ್ಮಿದ. ಚಾಪೆಯಲ್ಲಿ ಗೋಳಿಯ ಒಂದು ಕಿವಿ ನೆಟ್ಟಗಾಗಿ ಮತ್ತೆ ಮಡಚಿಕೊಂಡಿತು.

"ಏನಾಯ್ತು?"

"ಎ.ಸಿ. ಗಾಳಿ ಸರ್. ಸರ್, ತುಳುಟೇ ಪಾತೆರ್ಗ ಸರ್. ಇವತ್ತು ಯಾಕೋ ತುಳುವಿನಲ್ಲೇ ಮಾತಾಡುವ ಅಂತ ಆಸೆ ಆಗ್ತದೆ."

ಪಾಯ್ಸರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಮದುವೆಯ ವಯಸ್ಸಿನ ತಂಗಿ ಇರುವ ಗಂಡಸಿಗೆ ಇದ್ದಕ್ಕಿದ್ದಂತೆ ಭಾಷಾಭಿಮಾನ ಬಂದದ್ದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೂ ಮಂಗಳೂರಿನವರು, ತುಳು ಬಾರದೆ ಇರುತ್ತದೆಯೇ? "ಆಯ್ತು. ಮಾತ ಸರಿ ಉಂಡಾ?" ಎಂದರು.

"ಮಾತ ಸರಿ ಉಂಡು ಸರ್!" ಪುರಂದರನಿಗೆ ಆ ಕ್ಷಣ ತುಳುವಿನ ಮೇಲೆ ನಿಜವಾಗಿಯೂ ಅಭಿಮಾನ ಉಕ್ಕಿತು. 'ಎಲ್ಲಾ' ಎನ್ನಲು 'ಮಾತ' ಎನ್ನುವ ಭಾಷೆ ಎಷ್ಟು ದೊಡ್ಡದು!

ಪೆಟ್ಟಿಗೆ ತೆರೆಯಿತು. ಮೊದಲು ರೋಜಿ ಬಂತು, ಬಂದದ್ದೇ ಸೋಫಾದ ಕೆಳಗೆ ಸೇರಿತು. ಹಿಂದೆಯೇ ರೀಟಾ ಇಳಿದು, ನೆಲಕ್ಕೆ ಹೊಟ್ಟೆ ತಾಗಿಸಿ, ಗೋಳಿಯ ಚಾಪೆಯ ಕಡೆಗೆ ಅಲೆಯಲೆಯಾಗಿ ಹರಿಯಿತು. ಗೋಳಿ ಎದ್ದು ನಿಂತಿತು.

"ಖಲಾಸ್" ಎಂದ ಪುರಂದರ, ಪಿಸುಮಾತಿನಲ್ಲಿ.

ಗೋಳಿ ಕೂತಿತು. ದೀಕ್ಷಿತಾ ಕೋಳಿಯ ಚೂರು ಕೊಟ್ಟಳು. ಪಾಯ್ಸರು ಮೆಚ್ಚಿ ತಲೆದೂಗಿದರು. ಅಲಿಯಬ್ಬ ಕೈಯ ಹಿಂದಿನಿಂದಲೇ ಹೆಮ್ಮೆಪಟ್ಟ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಝುಲೈಖ ಚಹಾದ ತಟ್ಟೆ ಹಿಡಿದು ಬಂದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. "ಎಲ್ಲರಿಗೂ ಸಕ್ಕರೆ—"

ಗೋಳಿ ಬಿಲ್ಲಿನಂತೆ ಬಗ್ಗಿತು.

"ಖಲಾಸ್! ಖಲಾಸ್!" ಪುರಂದರ ಕಿರುಚಿದ.

ಗೋಳಿ ಕೂತಿತು. ಝುಲೈಖಳ ಮುಖ ಕೆಂಪಾಯಿತು. "ಖಲಾಸಾ? ಎಂತ ಖಲಾಸ್? ಈಗಷ್ಟೇ ಮಾಡಿ ತಂದದ್ದು! ಬೇಡದಿದ್ರೆ ಬೇಡ ಅಂತ ಮರ್ಯಾದೆಯಲ್ಲಿ ಹೇಳಿ" ಎಂದು ತಟ್ಟೆಯೊಂದಿಗೆ ತಿರುಗಿ ಮೆಟ್ಟಿಲು ಹತ್ತಿದಳು. ಅಲಿಯಬ್ಬ ಬಾಯಿಯಿಂದ ಕೈ ತೆಗೆಯದೆಯೇ, ಪುರಂದರನ ಕಡೆ ಕಣ್ಣಲ್ಲೇ ಛೀಮಾರಿ ಹಾಕುತ್ತಾ, ಹೆಂಡತಿಯನ್ನು ಸಮಾಧಾನ ಮಾಡಲು ಓಡಿದ.

ರೀಟಾ ಚಾಪೆ ಹತ್ತಿತು. ಗೋಳಿಯ ಮೂತಿ ಮೂಸಿತು. ಪುರಂದರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮದುವೆಮನೆ, ತಂಗಿಯ ಮುಖ, ಬೆಳ್ಳಗಿನ ಪಂಚೆ ಉಟ್ಟು ಚಪ್ಪರದಲ್ಲಿ ನಿಂತ ತಾನು, ಎಲ್ಲವೂ ಆ ಪುಟ್ಟ ಬಾಯಿಯ ಹಲ್ಲುಗಳ ನಡುವೆ ಸಿಕ್ಕಿಕೊಂಡಂತೆ ಅನಿಸಿತು. ರೀಟಾ ಒಂದು ಸುತ್ತು ಹಾಕಿ, ಗೋಳಿಯ ಮುಂಗಾಲಿನ ಕೆಳಗೆ ತೂರಿ, ಸುರುಳಿ ಸುತ್ತಿ, ನಿದ್ದೆ ಹೋಯಿತು. ಗೋಳಿ ಅದರ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚಿತು.

ಪಾಯ್ಸರ ಕಣ್ಣಲ್ಲಿ ನೀರು. "ಪಾಸ್ ಮಾರಾಯ. ಪಾಸ್! ಇಂಥ ನಾಯಿ ನಾನು ನೋಡಿಲ್ಲ."

ಪುರಂದರನ ಮೈಯ ಬಿಗಿ ಒಮ್ಮೆಲೇ ಸಡಿಲಿತು. ತುಳು, ಪೂರಾ, ಕೆಮ್ಮು ಯಾವುದೂ ನೆನಪಿಗೆ ಬರಲಿಲ್ಲ. ಎರಡೂ ಕೈ ಮುಗಿದು, ಎದೆ ತುಂಬಿ ಹೇಳಿದ: "ಎಲ್ಲಾ ದೇವರ ದಯೆ ಸರ್!"

ದೀಪ್ತಿ ಕಣ್ಣು ಮುಚ್ಚಿಕೊಂಡಳು. ಗೋಳಿ ಸಿಡಿಯಿತು. ಗಲ್ಲದ ಕೆಳಗಿದ್ದ ರೀಟಾಳನ್ನು ದಾಟಿ, ಸೋಫಾದಡಿಯಿಂದ ಇಣುಕಿದ ರೋಜಿಯನ್ನು ಹಾರಿ, ನೇರ ಹೋಗಿ ಪಾಯ್ಸರ ಎಡಗಾಲಿನ ಕಂದು ಕಾಲುಚೀಲ ಹಿಡಿದು ಝಾಡಿಸಿತು. ಪಾಯ್ಸರು ಒಂಟಿಕಾಲಲ್ಲಿ ಹಾಲ್ ಇಡೀ ಕುಣಿದರು. ಪರ್‌ ಎಂದು ಚೀಲ ಹರಿದು ಅವರ ಹೆಬ್ಬೆರಳು ಹೊರಬಂತು. ರೀಟಾ ಒಮ್ಮೆ ಆಕಳಿಸಿ ಮಗ್ಗುಲು ಬದಲಿಸಿತು.

ಗೋಳಿ ಒಂದು ವಾರ ಕಲಿತದ್ದು ಫೆರೆಟ್ಟಿನ ಪಾಠವಲ್ಲ, ಕಾಲುಚೀಲದ ಪಾಠ! ಆದರೆ ಈಗ ಅದು ತಿಳಿದು ಏನು ಪ್ರಯೋಜನ ಎಂದು ಪುರಂದರ ತಲೆ ತಗ್ಗಿಸಿ ನಿಂತ. ಮದುವೆ ಹೋಯಿತು ಎಂದುಕೊಂಡ.

ಪಾಯ್ಸರು ನಗುತ್ತಿದ್ದರು! "ಬಾಯಿಯ ಕೆಳಗೇ ಇದ್ದ ನನ್ನ ಮಗುವನ್ನು ಬಿಟ್ಟು ನನ್ನ ಕಾಲಿಗೆ ಬಂತಲ್ಲ! ಇನ್ನು ನನಗೆ ಯಾವ ಹೆದರಿಕೆಯೂ ಇಲ್ಲ. ನಿಲ್ಲು, ಕಾರಿಂದ ಸಾಮಾನು ತರ್ತೇನೆ."

ಗೋಳಿಯನ್ನು ಕರೆದೊಯ್ಯಲು ಗೂಡು ತರುತ್ತಾರೆ ಎಂದು ಪುರಂದರ ಹಿಗ್ಗಿ ಒಳಗೋಡಿದ. ಗೋಳಿಯ ಬಟ್ಟಲು, ಆಹಾರದ ಚೀಲ, ಚೆಂಡು ಇದ್ದ ಬ್ಯಾಗು ಹಿಡಿದು ಅವನು ಹೊರಗೆ ಹೊರಟಾಗ, ಎರಡಂತಸ್ತಿನ ದೊಡ್ಡ ಗೂಡು, ಆಹಾರದ ಮೂಟೆ, ಪುಟ್ಟ ತೂಗುಮಂಚ ಹೊತ್ತು ಪಾಯ್ಸರು ಒಳಗೆ ಬರುತ್ತಿದ್ದರು. ಬಾಗಿಲಲ್ಲಿ ಇಬ್ಬರೂ ಮುಖಾಮುಖಿಯಾದರು.

"ಇದೆಂತ?" ಪಾಯ್ಸರು ಕೇಳಿದರು.

"ಗೋಳಿಯ ಬ್ಯಾಗು ಸರ್."

"ಅದನ್ನು ಯಾಕೆ ಹೊರಗೆ ತರ್ತೀ? ಒಳಗೇ ಇರ್ಲಿ. ನಿನ್ನ ಮನೆಯಲ್ಲಿ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅಂತ ಅಲ್ವಾ ನಾವು ಮಾತಾಡಿದ್ದು?" ಪಾಯ್ಸರು ಗೂಡನ್ನು ಹಾಲ್‌ನ ನಡುವೆ ಇಳಿಸಿದರು. "ಹೆಂಡತಿ ಆಗ್ಲೇ ಹೋಗಿ ಆಗಿದೆ. ನನ್ನ ಫ್ಲೈಟು ಇವತ್ತು. ಅಣ್ಣನ ಮಗಳ ಮದುವೆ. ನೀನಾಗಿ ಫೋನ್ ಮಾಡದಿದ್ರೆ ನನಗೆ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ. ಮನೆಯವರ ಮದುವೆ ತಪ್ಪಿಸಿದ್ರೆ ಜೀವಮಾನ ಇಡೀ ಮಾತು ಕೇಳ್ಬೇಕು ಮಾರಾಯ!"

"ಹೌದು ಸರ್" ಎಂದ ಪುರಂದರ. ಹೇಳಬೇಕಾದದ್ದು ಗಂಟಲವರೆಗೆ ಬಂತು. ಆದರೆ ಎದುರಿಗಿದ್ದವರು ಕೆಲಸ ಕೊಡಿಸಿದ ಹಿರಿಯರು, ಕೋಟಿನ ಜೇಬಿನಿಂದ ಪಾಸ್‌ಪೋರ್ಟು ಇಣುಕುತ್ತಿತ್ತು, ಹರಿದ ಚೀಲದಿಂದ ಅವರ ಹೆಬ್ಬೆರಳು ಅವನನ್ನೇ ನೋಡುತ್ತಿತ್ತು. ಮಾತು ಬಂದ ದಾರಿಯಲ್ಲೇ ಇಳಿಯಿತು.

ಪಾಯ್ಸರು ಬೂಟು ಹಾಕಿಕೊಂಡು, ಊರಿಗೆ ಹೊರಟವರು ಯಾರೂ ಕೇಳದೆ ಬಿಡದ ಮಾತನ್ನು ಕೇಳಿದರು: "ಊರಿಗೆ ಏನಾದ್ರೂ ಕಳಿಸ್ಲಿಕ್ಕೆ ಉಂಟಾ? ನನ್ನ ಬ್ಯಾಗಲ್ಲಿ ಜಾಗ ಉಂಟು."

"ಅದರಲ್ಲಿ ನಾನು ಹಿಡಿಸುದಿಲ್ಲ ಸರ್" ಎಂದ ಪುರಂದರ. ಪಾಯ್ಸರು ಅದನ್ನು ತಮಾಷೆ ಎಂದುಕೊಂಡು ನಗುತ್ತಲೇ ಕಾರು ಹತ್ತಿದರು.

ಒಳಗೆ ಬಂದರೆ ದೀಪ್ತಿ ಸೂಟ್‌ಕೇಸ್ ಬಿಚ್ಚಿದ್ದಳು. ಅವನ ಪಂಚೆ, ಜರತಾರಿ ಅಂಚಿನ ರೇಷ್ಮೆ ಶಲ್ಯ ತೆಗೆದು ನೆಲದ ಮೇಲಿಟ್ಟು, ಮತ್ತೆ ಝಿಪ್ ಎಳೆದಳು. ಈ ಸಲ ಅದು ಸಲೀಸಾಗಿ ಬಂತು. ಅವನು ಗೂಡಿನ ಪಕ್ಕ ಕುಸಿದು ಕೂತ. ರೀಟಾ ಅವನ ತೊಡೆ ಹತ್ತಿತು. ಅವನಿಗೆ ಅಳುವೇ ಬಂತು.

ಫೋನ್ ಮೊಳಗಿತು. ದೀಕ್ಷಿತಾ ಒತ್ತಿ ಸ್ಪೀಕರಿಗೆ ಹಾಕಿದಳು. ಉಡುಪಿಯಿಂದ ಮದುಮಗಳ ಸಂಭ್ರಮದ ದನಿ ಹಾಲ್ ತುಂಬಿತು: "ಅಣ್ಣಾ! ಎಲ್ಲಾ ರೆಡಿಯಾ?"

ಗೋಳಿ ಒಂದೇ ನೆಗೆತಕ್ಕೆ ಶಲ್ಯದ ಅಂಚು ಹಿಡಿದು ಝಾಡಿಸತೊಡಗಿತು. ಪುರಂದರ ಅದನ್ನೇ ನೋಡುತ್ತಾ ಕೂತ. ಖಲಾಸ್ ಅನ್ನಲಿಲ್ಲ.