ಮಾವನವರ ಕಾರಿನ ಪಾಸಿಂಗ್

ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಘರ್ಷಣೆ ಎಂದರೇನು, ಓಡುವ ವಸ್ತು ಯಾಕೆ ನಿಲ್ಲುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇಂಥವನಿಗೆ ಒಂದು ಹಳೆಯ ಕಾರನ್ನು ಪಾಸಿಂಗ್ ಮಾಡಿಸುವುದು ಯಾವ ಮಹಾ ಕೆಲಸ? ಹೀಗೆಂದು ನಾನು ನಂಬಿದ್ದೆ. ನಂಬಿಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ರಜೆಗೆಂದು ಹೋಗಿದ್ದ ಲಕ್ಷ್ಮೇಶ್ವರದ ಅತ್ತೆಯವರ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಹನ್ನೊಂದು ಜನರ ಎದುರಿಗೆ ಹೇಳಿಬಿಟ್ಟೆ!

ಕಾರು ಮಾವನವರದು. ಗುಂಡು ಮೂತಿ, ಸೋಫಾದಂಥ ಸೀಟು, ಹಾಲಿನ ಕೆನೆಯ ಬಣ್ಣ. ಮಾವನವರು ಒಣಮೆಣಸಿನಕಾಯಿ ವ್ಯಾಪಾರಿ. ಎಷ್ಟೇ ಕೆಲಸವಿರಲಿ, ತಿಂಗಳಿಗೊಮ್ಮೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಕೆಯ ತವರೂರು ಡೋಣಿಗೆ ಹೋಗಿಬರುವುದನ್ನು ಅವರು ತಪ್ಪಿಸಿದವರಲ್ಲ. ಅವರು ತೀರಿಕೊಂಡ ಮೇಲೂ ಅತ್ತೆ ಗೌರವ್ವನವರು ಬೇರೆ ಗಾಡಿಯಲ್ಲಿ ಡೋಣಿಗೆ ಹೋದದ್ದಿಲ್ಲ. ಯಾರಾದರೂ ಆ ಕಾರು ಓಡಿಸಿದರೆ ಹೋಗುತ್ತಾರೆ, ಇಲ್ಲವಾದರೆ ಇಲ್ಲ.

ಆ ಕಾರಿನ ನೋಂದಣಿ ಮುಗಿಯಲು ಹತ್ತು ದಿನ ಉಳಿದಿತ್ತು. ಅಷ್ಟರೊಳಗೆ ಸರ್ಕಾರದ ತಪಾಸಣೆಯಲ್ಲಿ ಪಾಸಾಗಿ ಅದನ್ನು ಮುಂದುವರಿಸಿಕೊಳ್ಳಬೇಕು, ಅದಕ್ಕೇ ಪಾಸಿಂಗ್ ಎನ್ನುವುದು. ನನ್ನ ಹೆಂಡತಿ ಗಿರಿಜಾಳ ತಮ್ಮ ಶೇಖರ ಊಟದ ನಡುವೆ ಮಾತು ತೆಗೆದ.

"ಹುಬ್ಬಳ್ಳಿ ಗುಜರಿಯವ ಮತ್ತ ಫೋನ್ ಮಾಡಿದ್ದ. ಅದೇನ್ ಪಾಸಿಂಗ್ ಆಗೂ ಗಾಡಿ ಅಲ್ಲ. ಬಂದು ಒಯ್ಯಪಾ ಅಂತ ಹೇಳಿಬಿಡ್ತೇನಿ."

ಅತ್ತೆಯವರ ಕೈ ತಾಟಿನಲ್ಲೇ ನಿಂತಿತು. ಅದನ್ನು ನೋಡಿ ನನ್ನ ಹೃದಯ ಕರಗಿತು. ಅದರ ಜೊತೆಗೇ ಬುದ್ಧಿಯೂ ಕರಗಿತು.

"ಏ ಶೇಖರ, ತಡಿ. ಪಾಸಿಂಗ್ ಕೆಲಸ ನನಗ ಬಿಡು," ಎಂದೆ.

"ಆಗಲಿಲ್ಲಂದ್ರ, ಮಾಮಾ?"

"ಆಗಲಿಲ್ಲಂದ್ರ ಗಾಡಿ ಜೋಡಿ ನನ್ನೂ ಗುಜರಿಗೆ ಹಾಕು!"

ಎಲ್ಲರೂ ನಕ್ಕರು. ಗಿರಿಜಾ ನಗಲಿಲ್ಲ. ಅವಳು ನನ್ನ ಜೊತೆ ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು.

ಮರುದಿನ ಬೆಳಿಗ್ಗೆ ದಸ್ತಗೀರ ಮೇಸ್ತ್ರಿ ಬಂದರು. ಮಾವನವರ ಕಾಲದಿಂದಲೂ ಆ ಕಾರಿನ ವೈದ್ಯರು ಅವರೇ.

"ಮಾಸ್ತರ, ಎರಡು ದಿನಾ ನನ್ನ ಕಡೆ ಬಿಡ್ರಿ. ಬ್ರೇಕ್ ನೋಡಬೇಕು, ವೈರಿಂಗ್ ನೋಡಬೇಕು, ತಳಾ ನೋಡಬೇಕು."

"ಗಾಡಿ ಛಲೋ ಓಡತೈತಲ್ಲ, ಮೇಸ್ತ್ರಿ?"

"ಓಡೂದು ಏನ್ ದೊಡ್ಡದ್ರಿ? ನಿಲ್ಲೂದು ದೊಡ್ಡದು."

ನಿಲ್ಲುವುದರ ಬಗ್ಗೆ ನನಗೇ ಪಾಠ! ಮುಗುಳ್ನಕ್ಕು ಅವರಿಗೆ ಚಹಾ ಕುಡಿಸಿ ಕಳಿಸಿದೆ. ಆಮೇಲೆ ತಯಾರಿ ನಾನೇ ನಡೆಸಿದೆ. ಎರಡು ಸಲ ತೊಳೆದೆ. ಪಾಲಿಶ್ ಹಚ್ಚಿ ಉಜ್ಜಿದೆ. ಬಾನೆಟ್ ಎತ್ತಿದರೆ ಒಳಗೆಲ್ಲ ತುಕ್ಕು. ತಪಾಸಣೆಗೆ ಬಂದ ಅಧಿಕಾರಿಗಳು ಇದನ್ನು ನೋಡಿದರೆ ನಮ್ಮ ಮನೆತನದ ಬಗ್ಗೆ ಏನೆಂದುಕೊಳ್ಳಬೇಕು? ಒಂದು ಡಬ್ಬಿ ಕಪ್ಪು ಬಣ್ಣ ತಂದು, ಕಣ್ಣಿಗೆ ಕಬ್ಬಿಣದಂತೆ ಕಂಡದ್ದಕ್ಕೆಲ್ಲ ಬಳಿದೆ. ಒಂದಂಗುಲವನ್ನೂ ಬಿಡಲಿಲ್ಲ. ಮಾಡಿದ ಕೆಲಸ ಅಚ್ಚುಕಟ್ಟಾಗಿರಬೇಕು ಎಂಬುದು ನನ್ನ ತತ್ವ.

ಗುರುವಾರ ನಾನೂ ಗಿರಿಜಾಳೂ ತಪಾಸಣೆಗೆಂದು ಲಕ್ಷ್ಮೇಶ್ವರದಿಂದ ಗದಗಿನ ಆರ್‌ಟಿಒ ಕಚೇರಿಗೆ ಹೊರಟೆವು. ಶಿರಹಟ್ಟಿಯ ಹತ್ತಿರ ಎಡಕ್ಕೆ ತಿರುಗಲೆಂದು ಇಂಡಿಕೇಟರ್ ಹಾಕಿದೆ. ಹಾರ್ನ್ ಮೊಳಗಿತು! ಇಂಡಿಕೇಟರ್ ತೆಗೆದೆ. ಹಾರ್ನ್ ನಿಲ್ಲಲಿಲ್ಲ. ಹೊಲದಲ್ಲಿದ್ದವರು ಎದ್ದು ನಿಂತು ನೋಡಿದರು. ಎದುರಿಗೆ ಬಂದ ಟ್ರ್ಯಾಕ್ಟರಿನವನು ದಾರಿ ಬಿಟ್ಟು ಕಚ್ಚಾರಸ್ತೆಗೆ ಇಳಿದ.

"ರೀ, ನಿಲ್ಲಸ್ರಿ! ಯಾರರ ಸತ್ತಾರೇನೋ ಅನ್ಕೋತಾರ!" ಎಂದಳು ಗಿರಿಜಾ.

ನಾನು ಇಳಿದು, ವೈಜ್ಞಾನಿಕವಾಗಿ ಆಲೋಚಿಸಿ, ಒಂದು ವೈರ್ ಕಿತ್ತೆ. ಹಾರ್ನ್ ನಿಂತಿತು. ಆ ದಿನ ಮತ್ತೆ ಮೊಳಗಲೇ ಇಲ್ಲ.

ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಮೂವತ್ತರ ಒಳಗಿನ ತರುಣ. ಬಹಳ ಮರ್ಯಾದಸ್ಥ. ಅವನು ಗದರಿಸಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಪ್ರತಿ ಸಲ "ಆತು ಸರ್" ಎಂದು ಮೆಲ್ಲಗೆ ಹೇಳಿ ಕಾಗದದ ಮೇಲೆ ಏನೋ ಬರೆದುಕೊಳ್ಳುತ್ತಿದ್ದ.

"ಹಾರ್ನ್ ಬಾರಸ್ರಿ, ಸರ್."

ಒತ್ತಿದೆ. ಮೌನ.

"ಆತು ಸರ್. ಹೆಡ್‌ಲೈಟ್?"

ಹಾಕಿದೆ. ಅವನು ಮುಂದೆ ಹೋಗಿ ಬಗ್ಗಿ ನೋಡಿದ. "ಒಂದು ರಸ್ತೆ ನೋಡಾಕತ್ತೈತಿ. ಇನ್ನೊಂದು ಬೇವಿನ ಗಿಡಾ ನೋಡಾಕತ್ತೈತಿ. ಆತು ಸರ್. ಸ್ವಲ್ಪ ಮುಂದ ಹೋಗಿ ಬ್ರೇಕ್ ಹಾಕ್ರಿ."

ಹಾಕಿದೆ. ಕಾರು ನಿಂತಿತು, ಆದರೆ ನಾನು ಹೊರಟಿದ್ದ ದಿಕ್ಕಿನಲ್ಲಿ ಅಲ್ಲ! ಬಲಕ್ಕೆ ಸೊಟ್ಟಗೆ ತಿರುಗಿ, ತಮ್ಮ ಪಾಳಿ ಕಾಯುತ್ತಿದ್ದ ಆಟೋಗಳ ಸಾಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ಆಟೋದವರು ಜಿಗಿದು ಕೆಳಗಿಳಿದಿದ್ದರು.

ಹ್ಯಾಂಡ್‌ಬ್ರೇಕ್ ಪರೀಕ್ಷೆಗೆಂದು ಇಳಿಜಾರಿನಲ್ಲಿ ನಿಲ್ಲಿಸಿದೆವು. ಇನ್ಸ್‌ಪೆಕ್ಟರ್ ತನ್ನ ಫೈಲನ್ನು ಬಾನೆಟ್ ಮೇಲಿಟ್ಟು ಜೇಬಿನಲ್ಲಿ ಪೆನ್ ಹುಡುಕುತ್ತಿದ್ದ. ಕಾರು ಸದ್ದಿಲ್ಲದೆ, ಫೈಲ್ ಸಮೇತ, ಹಿಂದಕ್ಕೆ ಹೊರಟಿತು! ಅವನು ಫೈಲಿನ ಹಿಂದೆ ಓಡಿದ. ನಾನು ಕಾರಿನ ಹಿಂದೆ ಓಡಿದೆ. ಒಳಗೆ ಕೂತಿದ್ದ ಗಿರಿಜಾ ಕೂಗುತ್ತಲೇ ಕಾಲು ಚಾಚಿ ಬ್ರೇಕ್ ತುಳಿದು ನಿಲ್ಲಿಸಿದಳು.

"ಆತು ಸರ್," ಎಂದ ಇನ್ಸ್‌ಪೆಕ್ಟರ್, ಏದುಸಿರು ಬಿಡುತ್ತ.

ಆಮೇಲೆ ಒಳಗಿನ ಚಾಪೆ ಎತ್ತಿದ. ಮುಂದಿನ ಸೀಟಿನ ಬುಡದಲ್ಲಿ ಅಂಗೈ ಅಗಲದ ತೂತು. ಅದರೊಳಗಿಂದ ನೆಲ ಕಾಣುತ್ತಿತ್ತು, ನೆಲದ ಮೇಲೆ ಒಂದು ಇರುವೆಯ ಸಾಲೂ ಕಾಣುತ್ತಿತ್ತು.

"ಅದಕ್ಕಽ ಲಕ್ಷ್ಮೇಶ್ವರದಿಂದ ನನ್ನ ಕಾಲಿಗೆ ಗಾಳಿ ಬರಾಕತ್ತಿತ್ತು!" ಎಂದಳು ಗಿರಿಜಾ.

ಕೊನೆಗೆ ಉಳಿದದ್ದು ಚಾಸಿ ನಂಬರ್. ಕಾರಿನ ಮೈಮೇಲೆ ಒತ್ತಿರುವ ಆ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಗುರುತು ತೆಗೆಯಬೇಕು. ಬಾನೆಟ್ ಎತ್ತಿದೆ. ಒಳಗೆ ಎಲ್ಲವೂ ಕಾಡಿಗೆಯಂತೆ ಮಿರಮಿರ ಮಿಂಚುತ್ತಿತ್ತು. ಇನ್ಸ್‌ಪೆಕ್ಟರ್ ಪೆನ್ಸಿಲ್ ಉಜ್ಜಿದ. ಕಾಗದದ ಮೇಲೆ ಕಪ್ಪು ಮಾತ್ರ ಮೂಡಿತು.

"ಇಲ್ಲಿ ಬಣ್ಣಾ ಯಾರು ಹಚ್ಚ್ಯಾರ್ರಿ?"

ಗಿರಿಜಾ ಬೆರಳು ಮಾಡಿ ನನ್ನನ್ನು ತೋರಿಸಿದಳು.

"ಸರ್, ನಂಬರಽ ಇಲ್ಲಂದ್ರ ಇದು ಯಾವ ಗಾಡಿ ಅಂತ ನಾ ಹೆಂಗ ಬರೀಲಿ? ಕದ್ದ ಗಾಡಿ ನಂಬರಿಗೂ ಹಿಂಗಽ ಬಣ್ಣಾ ಹಚ್ಚತಾರ."

ಇಷ್ಟು ಹೊತ್ತು ಕಾರು ಕೆಟ್ಟಿದೆ ಎಂಬ ಚಿಂತೆಯಿತ್ತು. ಈಗ ಕಾರೇ ಇಲ್ಲದಂತಾಯಿತು! ಅವನು ದೋಷಗಳ ಪಟ್ಟಿಯನ್ನು ಎರಡೂ ಕೈಯಿಂದ ನನಗೆ ಕೊಟ್ಟ. ಹನ್ನೊಂದು ದೋಷ. ಎಲ್ಲ ಸರಿಪಡಿಸಿಕೊಂಡು ಬುಧವಾರದೊಳಗೆ ತನ್ನಿರಿ ಎಂದ. ಇಪ್ಪತ್ತಾರು ವರ್ಷ ನಾನು ಮಕ್ಕಳ ಕೈಗೆ ಇಂಥ ಕಾಗದ ಕೊಟ್ಟವನು. ತೆಗೆದುಕೊಂಡಾಗ ಹೇಗಿರುತ್ತದೆಂದು ಅಂದು ತಿಳಿಯಿತು.

ಅಷ್ಟರಲ್ಲಿ ಅತ್ತೆಯವರ ಫೋನ್.

"ಅಳ್ಯಾರ, ಪಾಸ್ ಆತೇನ್ರಿ?"

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಅಂದು ತಾಟಿನಲ್ಲಿ ನಿಂತ ಅವರ ಕೈ ನೆನಪಾಯಿತು. "ಆದಂಗಽ ಐತ್ರಿ, ಅತ್ತಿಯವ್ರ," ಎಂದುಬಿಟ್ಟೆ. ಅದನ್ನು ಮುಗಿಸಿದವನೇ ತಲೆ ತಗ್ಗಿಸಿಕೊಂಡು ದಸ್ತಗೀರ ಮೇಸ್ತ್ರಿಗೆ ಫೋನ್ ಮಾಡಿದೆ.

ಸಂಜೆಯ ಹೊತ್ತಿಗೆ ಅವರು ಓಣಿಗೆಲ್ಲ ಪೇಡೆ ಹಂಚಿದ ಸುದ್ದಿ ಬಂತು! ಮರುದಿನ ಮತ್ತೊಂದು ಸುದ್ದಿ: ಬುಧವಾರ ಸರ್ಟಿಫಿಕೇಟ್ ತರಲು ಅವರೂ ಬರುತ್ತಾರಂತೆ.

ಶನಿವಾರ ಮೇಸ್ತ್ರಿ ಸಾಮಾನು ಕಟ್ಟಿಕೊಂಡು, ಕಾರು ನಿಂತಿದ್ದ ಬೆಟಗೇರಿಯ ನಮ್ಮ ಮನೆಗೇ ಬಸ್ಸಿನಲ್ಲಿ ಬಂದರು. ಪಟ್ಟಿ ಓದಿಸಿಕೊಂಡರು. ಬೈಯಲಿಲ್ಲ. "ಬಣ್ಣಾ ಮಾತ್ರ ಛಲೋ ಹಚ್ಚೀರಿ, ಮಾಸ್ತರ," ಎಂದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ನಾಲ್ಕು ದಿನ ನಾನು ಅವರ ಕೈಗೆ ಬೋಲ್ಟ್ ಬಿಚ್ಚುವ ಪಾನಾ ಕೊಡುವವನಾದೆ. ಬ್ರೇಕ್ ಆಯಿತು, ವೈರಿಂಗ್ ಆಯಿತು, ತೂತಿಗೆ ತಗಡಿನ ಬೆಸುಗೆ ಬಿತ್ತು. ಮಂಗಳವಾರ ಮಧ್ಯಾಹ್ನ ಅವರು ಬಟ್ಟೆಗೆ ಥಿನ್ನರ್ ಹಚ್ಚಿ ಚಾಸಿ ನಂಬರಿನ ಮೇಲಿನ ಬಣ್ಣ ಒರೆಸತೊಡಗಿದರು. ಗಿರಿಜಾ ಕಾರಿನ ನೋಂದಣಿ ಪತ್ರ, ಆರ್‌ಸಿ, ಹಿಡಿದು ನಿಂತಳು. ಒಂದೊಂದೇ ಅಂಕಿ ಮೂಡಿತು. ಕೊನೆಯ ಅಂಕಿ ಮಾತ್ರ ಮೂರೋ ಎಂಟೋ ತಿಳಿಯದು. ಮೇಸ್ತ್ರಿ ಇನ್ನೊಮ್ಮೆ ಒರೆಸಿದರು, ಊದಿದರು, ಬಗ್ಗಿ ನೋಡಿದರು.

"ಎಂಟು."

ಗಿರಿಜಾ ಆರ್‌ಸಿ ನೋಡಿದಳು. "ಎಂಟಽ ಐತ್ರಿ!"

ನಾನು ಮೇಸ್ತ್ರಿಗೆ ಚಹಾ ತರಲು ಒಳಗೆ ಓಡಿದೆ.

ಬುಧವಾರ ನಾವಿಬ್ಬರೂ ಮೇಸ್ತ್ರಿಯನ್ನು ಜೊತೆಗೆ ಕೂರಿಸಿಕೊಂಡು ಹೋದೆವು. ಅತ್ತೆಯವರು ಇಳಕಲ್ ಸೀರೆ ಉಟ್ಟು, ಬಸ್ಸಿಳಿದು ನೇರವಾಗಿ ತಪಾಸಣೆಯ ಮೈದಾನಕ್ಕೇ ಬಂದರು. ನನಗೆ ಕಾರಿಗಿಂತ ಇನ್ಸ್‌ಪೆಕ್ಟರ್‌ನ ಬಾಯಿಯದೇ ಭಯ. ಅವನು ನೋಡಿದ ಕೂಡಲೇ ನಮಸ್ಕರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಬರ್ರಿ ಸರ್! ಹೋದ ಸಲ ಹನ್ನೊಂದರಾಗ ಫೇಲ್ ಆಗಿದ್ರಲ್ಲ?"

ಭೂಮಿ ಬಾಯಿ ಬಿಡಲಿಲ್ಲ. ನಾನು ಅತ್ತೆಯವರ ಕಡೆ ತಿರುಗಿದೆ. "ಅತ್ತಿಯವ್ರ, ಅದು ಏನಾತಂದ್ರ..."

"ನನಗ ಗೊತ್ತೈತ್ರಿ. ದಸ್ತಗೀರ ಅವತ್ತಽ ಹೇಳಿದ."

"ಮತ್ತ ಪೇಡೆ ಯಾಕ ಹಂಚಿದ್ರಿ?"

"ಶೇಖರನ ಕಿವಿಗೆ ಬೀಳ್ಲಿ ಅಂತ. ಓಣಿ ಮಂದಿಯೆಲ್ಲ ಪೇಡೆ ತಿಂದ ಮ್ಯಾಲ ಗಾಡಿ ಗುಜರಿಗೆ ಕೊಡಾಕ ಅವಗ ನಾಚಿಕಿ ಆಗೂದಿಲ್ಲೇನು?" ಎಂದು ಸೆರಗು ಸರಿಪಡಿಸಿಕೊಂಡರು. "ನಿಮ್ಮ ಮ್ಯಾಲ ನಂಬಿಕಿ ಇಟ್ಟು ಹಂಚಿಲ್ಲ ಬಿಡ್ರಿ."

ಇದಾದ ಮೇಲೆ ಪರೀಕ್ಷೆ ಶುರುವಾಯಿತು. ಹಾರ್ನ್ ಬೇಕಾದಾಗ ಮೊಳಗಿತು, ಬೇಡವಾದಾಗ ನಿಂತಿತು. ಎರಡೂ ದೀಪ ರಸ್ತೆಯನ್ನೇ ನೋಡಿದವು. ಬ್ರೇಕ್ ತುಳಿಯುವಾಗ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಕಾರು ನೆಟ್ಟಗೆ ನಿಂತಿತ್ತು. ಇಳಿಜಾರಿನಲ್ಲಿ ಇನ್ಸ್‌ಪೆಕ್ಟರ್ ಫೈಲನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನೋಡಿದ. ಕಾರು ಅಲುಗಲಿಲ್ಲ. ಪೆನ್ಸಿಲ್ ಉಜ್ಜಿದಾಗ ಎಂಟು ಎಂಟಾಗಿಯೇ ಮೂಡಿತು.

"ಗಾಡಿ ಪಾಸ್ ಆತ್ರಿ. ಇನ್ನ ಐದು ವರ್ಷ ಚಿಂತಿ ಇಲ್ಲ."

ಅತ್ತೆಯವರು ಮುಂದಿನ ಬಾಗಿಲ ಮೇಲೆ ಅಂಗೈ ಇಟ್ಟು ನಿಂತರು. ನಾನು ಹೋದ ಮಾನವೆಲ್ಲ ಮರಳಿ ಬಂದಂತಾಗಿ ಎದೆಯುಬ್ಬಿಸಿ ಹೇಳಿದೆ: "ಕುಂಡ್ರಿ ಅತ್ತಿಯವ್ರ. ನಾನಽ ಡೋಣಿಗೆ ಕರ್ಕೊಂಡ್ ಹೋಗ್ತೇನಿ. ಈಗಿಂದೀಗಽ!"

"ಒಂದು ನಿಮಿಷ, ಸರ್," ಎಂದ ಇನ್ಸ್‌ಪೆಕ್ಟರ್. "ನಿಮ್ಮ ಲೈಸೆನ್ಸ್ ತೋರಸ್ರಿ. ಹೋದ ಸಲ ಕಾಗದ ನೋಡೂ ಪಾಳಿನಽ ಬರಲಿಲ್ಲ."

ಠೀವಿಯಿಂದ ತೆಗೆದುಕೊಟ್ಟೆ. ಅವನು ನೋಡಿದ, ತಿರುಗಿಸಿ ನೋಡಿದ, ಅದೇ ಮೆಲು ದನಿಯಲ್ಲಿ ಹೇಳಿದ:

"ಸರ್, ಇದು ಮುಗಿದು ಎರಡು ವರ್ಷ ಆತಲ್ರಿ."

ಮೇಸ್ತ್ರಿ ನನ್ನ ಕೈಯಿಂದ ಕೀಲಿ ತೆಗೆದುಕೊಂಡರು. ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತರು. ಗಿರಿಜಾ ಹಿಂದೆ ಹತ್ತಿದಳು. ಹೊಸ ಲೈಸೆನ್ಸಿನ ಅರ್ಜಿ ತುಂಬಲು ನಾನು ಅಲ್ಲೇ ಉಳಿದೆ. ಕಾರು ಧೂಳೆಬ್ಬಿಸದೆ, ಸೊಟ್ಟಗಾಗದೆ, ಡೋಣಿಯ ದಾರಿ ಹಿಡಿಯಿತು.

ಕಲಿಕೆಯ ಲೈಸೆನ್ಸಿನ ಪರೀಕ್ಷೆಗೆ ನನ್ನ ಎಡಕ್ಕೂ ಬಲಕ್ಕೂ ಹದಿನೆಂಟರ ಹುಡುಗಿಯರು ಕೂತಿದ್ದರು. ಅವರಲ್ಲಿ ಒಬ್ಬಳು ನನ್ನದೇ ಹಳೆಯ ವಿದ್ಯಾರ್ಥಿನಿ. ನಾನು ತಡವರಿಸಿದಾಗ ಉತ್ತರ ಪಿಸುಗುಟ್ಟಿದಳು. ನಾನು ನಕಲು ಮಾಡಿ ಪಾಸಾದೆ! ಮೂವತ್ತು ವರ್ಷ ಹಳೆಯ ಕಾರಿಗೆ ಸರ್ಕಾರ ಐದು ವರ್ಷ ಕೊಟ್ಟಿದೆ. ನನಗೆ ಕೊಟ್ಟದ್ದು ಆರು ತಿಂಗಳು.